ಚೌಕ ವಾಚು ಕೊಳ್ಳಬೇಕು: ಒಳ್ಳೆ ಮಾಲು ಅಂತ ಗುರುತಿಸುವುದು ಹೇಗೆ?

ಸಣ್ಣಮುಳ್ಳು:

ದುಂಡು ವಾಚು ಯಾಕೋ ನನ್ನ ಕೈಗೆ ಒಪ್ಪುವುದಿಲ್ಲ. ಮೊದಲಿನಿಂದಲೂ ಚೌಕ, ಇಲ್ಲವೇ ಉದ್ದ ಚೌಕದ್ದೇ ಕಟ್ಟುತ್ತಾ ಬಂದಿದ್ದೇನೆ. ಈಗಿರುವುದು ಬೆಳ್ಳಿ ಬಣ್ಣದ ಅಗ್ಗದ ಕ್ವಾರ್ಟ್ಜ್, ಅಂದರೆ ಸೆಲ್ಲಿನಲ್ಲಿ ಓಡುವಂಥದ್ದು. ಟೈಮೇನೋ ಸರಿಯಾಗಿ ತೋರಿಸುತ್ತೆ. ಆದರೆ ನಾಲ್ಕೂ ಮೂಲೆಯಲ್ಲಿ ಪಾಲಿಶ್ ಹೋಗಿ ಕೆಳಗಿನ ಹಿತ್ತಾಳೆ ಇಣುಕುತ್ತಿದೆ, ಗಾಜಿನ ಒಂದು ಅಂಚು ಚಕ್ಕೆ ಎದ್ದಿದೆ.

ಈ ಸಲ ಸ್ವಲ್ಪ ಜಾಸ್ತಿ ದುಡ್ಡು ಹಾಕಿ, ಬಹಳ ವರ್ಷ ಬಾಳುವಂಥದ್ದು ತೆಗೆದುಕೊಳ್ಳೋಣ ಅಂತಿದ್ದೇನೆ. ಹುಡುಕಲು ಕೂತರೆ ತಲೆ ಕೆಡುತ್ತೆ. ಫೋಟೋದಲ್ಲಿ ಎಲ್ಲವೂ ಒಂದೇ ಥರ: ರೋಮನ್ ಅಂಕಿ, ನೀಲಿ ಮುಳ್ಳು, ಕರಿ ಚರ್ಮದ ಪಟ್ಟಿ. ಬೆಲೆ ಮಾತ್ರ ಒಂದಕ್ಕೊಂದು ಇಪ್ಪತ್ತು ಪಟ್ಟು, ಮೂವತ್ತು ಪಟ್ಟು ವ್ಯತ್ಯಾಸ. ಆ ದುಡ್ಡೆಲ್ಲ ಎಲ್ಲಿ ಹೋಗುತ್ತೆ? ಬರೀ ಹೆಸರಿಗಾ, ಇಲ್ಲ ಕೈಯಲ್ಲಿ ಹಿಡಿದರೆ ಏನಾದರೂ ಗೊತ್ತಾಗುತ್ತಾ?

ನನ್ನ ಮಣಿಕಟ್ಟು ಸಣ್ಣದು, ಸುತ್ತಳತೆ ಆರೂಕಾಲು ಇಂಚು. ಕೀಲಿ ಕೊಡುವುದಾದರೂ ಆದೀತು, ಸೆಲ್ ಹಾಕುವುದಾದರೂ ಆದೀತು. ದಿನಾ ಕಟ್ಟುತ್ತೇನೆ. ಈಜುವುದಿಲ್ಲ. ಪಾತ್ರೆ ತೊಳೆಯುವಾಗ ಬಿಚ್ಚಿಡುತ್ತೇನೆ ಅಂತ ಮಾತ್ರ ಭರವಸೆ ಕೊಡಲಾರೆ.

ತಿರುಪುಳಿ:

ವಾಚ್ ರಿಪೇರಿಯೇ ನನ್ನ ಕಸುಬು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿಮ್ಮ ವಾಚು ಕೆಟ್ಟಿದ್ದು ಮೂಲೆಯಲ್ಲಿ ಅಲ್ವಾ? ಹೊಸದನ್ನು ನೋಡುವಾಗಲೂ ಮೊದಲು ಅಲ್ಲೇ ನೋಡಿ. ದುಂಡು ಕೇಸನ್ನು, ಅಂದರೆ ಯಂತ್ರ ಕೂರುವ ಲೋಹದ ಡಬ್ಬಿಯನ್ನು, ಲೇಥಿಗೆ ಹಾಕಿ ಕಡೆದರೆ ಮುಗಿಯಿತು, ತಿರುಗುವ ಯಂತ್ರ ತಾನೇ ಸಮ ಮಾಡಿಕೊಡುತ್ತೆ. ಚೌಕಕ್ಕೆ ಆ ಸುಖವಿಲ್ಲ. ಮುಖಗಳನ್ನು ಒಂದೊಂದಾಗಿ ಚಪ್ಪಟೆ ಮಾಡಬೇಕು, ಎರಡು ಮುಖ ಸೇರುವ ಗೆರೆ ಹರಿತವಾಗಿ ನಿಲ್ಲಬೇಕು. ಪಾಲಿಶ್ ಚಕ್ರಕ್ಕೆ ಒಂದು ಕ್ಷಣ ಜಾಸ್ತಿ ಒತ್ತಿದರೂ ಆ ಗೆರೆ ಕರಗಿ ಗುಂಡಗಾಗುತ್ತೆ. ಅಗ್ಗದ ವಾಚುಗಳ ಮೂಲೆಗಳು ಸವೆದ ಸೋಪಿನ ಹಾಗೆ ಕಾಣುವುದು ಇದಕ್ಕೇ.

ಪರೀಕ್ಷೆ ಸುಲಭ. ವಾಚನ್ನು ದೀಪದ ಕೆಳಗೆ ಹಿಡಿದು ನಿಧಾನವಾಗಿ ಓಲಾಡಿಸಿ. ಪಕ್ಕದ ಚಪ್ಪಟೆ ಮುಖದ ಮೇಲೆ ದೀಪದ ಪ್ರತಿಬಿಂಬ ನೆಟ್ಟಗೆ ಜಾರಬೇಕು. ಮೂಲೆ ಹತ್ತಿರ ಬಂದಾಗ ಸೊಟ್ಟಗಾದರೆ ಆ ಮುಖ ಚಪ್ಪಟೆಯಾಗಿಲ್ಲ ಅಂತ ಅರ್ಥ. ಹೊಳಪಿನ ಭಾಗಕ್ಕೂ ಗೆರೆ ಎಳೆದ ಮಂಕು ಭಾಗಕ್ಕೂ ನಡುವಿನ ಗಡಿ ಚಾಕುವಿನಿಂದ ಕೊಯ್ದ ಹಾಗಿರಬೇಕು. ಇನ್ನು ಲೋಹ 316ಎಲ್ ಅನ್ನುವ ತುಕ್ಕು ಹಿಡಿಯದ ಸ್ಟೀಲ್ ಆಗಿರಲಿ. ಹಿತ್ತಾಳೆ ಮೇಲೆ ಕ್ರೋಮ್ ಹಾಕಿದ್ದು ಬೇಡ, ಅದರ ಗತಿ ನಿಮಗೇ ಗೊತ್ತು. ಹಿಂಬದಿ ಮುಚ್ಚಳದ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಅಂತಷ್ಟೇ ಇದ್ದರೆ ಹುಷಾರು. ಮುಚ್ಚಳ ಮಾತ್ರ ಸ್ಟೀಲು, ಉಳಿದದ್ದು ಬೇರೆ ಏನೋ.

ಆಮೇಲೆ ಡಯಲ್. ಇದು ನನಗೆ ಬಲು ಇಷ್ಟದ ವಿಷಯ. ಮುಳ್ಳು ಸುತ್ತುವುದು ವೃತ್ತದಲ್ಲಿ, ಡಯಲ್ ಇರುವುದು ಆಯತದಲ್ಲಿ. ನಿಮಿಷದ ಮುಳ್ಳು ಅಗಲಕ್ಕೆ ಸರಿಹೋಗುವಷ್ಟೇ ಉದ್ದ ಇರಲು ಸಾಧ್ಯ. ಹಾಗಾಗಿ 3 ಮತ್ತು 9ರ ಹತ್ತಿರ ಅಂಕಿ ಮುಟ್ಟುವ ಮುಳ್ಳು, 12 ಮತ್ತು 6ರ ಹತ್ತಿರ ಮಧ್ಯದಲ್ಲೇ ನಿಂತುಬಿಡುತ್ತೆ. ಬುದ್ಧಿವಂತ ವಿನ್ಯಾಸಗಾರ ಏನು ಮಾಡುತ್ತಾನೆ? ನಿಮಿಷದ ಗೆರೆಗಳ ಪಟ್ಟಿಯನ್ನು ಡಯಲಿನ ಅಂಚಿಗೆ ಕೊಂಡೊಯ್ಯದೆ, ಅಂಕಿಗಳ ಒಳಗಡೆ, ಮುಳ್ಳಿನ ತುದಿಗೆ ಹತ್ತಿರ ಎಳೆದು ತರುತ್ತಾನೆ. ಲೂಯಿ ಕಾರ್ಟಿಯೇ 1917ರಲ್ಲಿ ರೂಪಿಸಿದ ‘ಟ್ಯಾಂಕ್’ ವಾಚಿನಲ್ಲಿ ರೈಲು ಹಳಿಯಂಥ ಚೌಕಟ್ಟು ಕಾಣುತ್ತಲ್ಲ, ಅದರ ಕೆಲಸ ಇದೇ. ನಕಲು ಮಾಡುವವರು ಹಳಿ ಬರೆಯುತ್ತಾರೆ, ಮುಳ್ಳು ಮಾತ್ರ ಗಿಡ್ಡ ಹಾಕುತ್ತಾರೆ.

ತಾರೀಖಿನ ಕಿಟಕಿ ಇದ್ದರೆ ಅದು ಎಲ್ಲಿದೆ ನೋಡಿ. ಅಂಚಿನಿಂದ ಬಹಳ ಒಳಗೆ ಕೂತಿದ್ದರೆ, ದೊಡ್ಡ ಕೇಸಿನೊಳಗೆ ಪುಟ್ಟ ದುಂಡು ಯಂತ್ರವನ್ನು ಪ್ಲಾಸ್ಟಿಕ್ ಬಳೆಯಲ್ಲಿ ಕೂರಿಸಿದ್ದಾರೆ ಅಂತ ತಿಳಿಯಿರಿ. ಸೆಕೆಂಡಿನ ಚಿಕ್ಕ ವೃತ್ತ ನಡುಮಧ್ಯಕ್ಕೆ ಅಂಟಿಕೊಂಡಿದ್ದರೂ ಅದೇ ಕಥೆ. ಅದರಿಂದ ಟೈಮು ತಪ್ಪುವುದಿಲ್ಲ. ಆದರೆ ಜಾಸ್ತಿ ಬೆಲೆ ಹೇಳುವ ವಾಚಿನಲ್ಲಿ ಅದು ಕಂಡರೆ ನಾನಂತೂ ವಾಪಸ್ ಇಡುತ್ತೇನೆ. ಜೆಜರ್-ಲಕೂಲ್ತ್ರ್ ಕಂಪನಿಯ ರಿವರ್ಸೋ ಅನ್ನುವ ಆಯತದ ವಾಚಿನಲ್ಲಿ ಯಂತ್ರವೇ ಕೇಸಿನ ಆಕಾರದಲ್ಲಿರುತ್ತೆ. ದುಡ್ಡು ಎಲ್ಲಿ ಹೋಗುತ್ತೆ ಅಂತ ಕೇಳಿದಿರಲ್ಲ, ಒಂದಿಷ್ಟು ಹೋಗುವುದು ಅಲ್ಲಿಗೆ.

ಕೀಲಿಯೋ ಸೆಲ್ಲೋ ಅಂದರೆ, ನಿಮ್ಮ ಪಾತ್ರೆ ಮಾತು ಕೇಳಿದ ಮೇಲೆ ನನ್ನ ವೋಟು ಸೆಲ್ಲಿಗೆ. ಆಯತದ ಕೇಸಿನಲ್ಲಿ ಆಟೋಮ್ಯಾಟಿಕ್, ಅಂದರೆ ಕೈ ಆಡಿದಂತೆ ತಾನೇ ಕೀಲಿ ಕೊಟ್ಟುಕೊಳ್ಳುವಂಥದ್ದು, ಬೇಕೆಂದರೆ ಒಳಗೆ ತಿರುಗುವ ತೂಕಕ್ಕೂ ಜಾಗ ಮಾಡಬೇಕು, ವಾಚು ದಪ್ಪಗಾಗುತ್ತೆ. ತೆಳ್ಳಗಿದ್ದರೇ ಈ ಆಕಾರಕ್ಕೆ ಚೆಂದ.

ಬೀಪ್ ಬೀಪ್:

ಎಲ್ಲರೂ ಚರ್ಮದ ಪಟ್ಟಿಯ ಕಡೆಗೇ ಹೋಗುತ್ತಿದ್ದೀರಿ. ಕ್ಯಾಸಿಯೋ ಕಂಪನಿಯ ಗಟ್ಟಿಮುಟ್ಟು ಡಿಜಿಟಲ್ ವಾಚು, ಚೌಕ ಜಿ-ಶಾಕ್ ಯಾಕಾಗಬಾರದು? 1983ರಲ್ಲಿ ಬಂದ ಮೊದಲ ಜಿ-ಶಾಕೇ ಚೌಕ. 200 ಮೀಟರ್ ನೀರು ತಡೆಯುತ್ತೆ, ಪಾತ್ರೆ ಏನು, ಬಾವಿಗೇ ಇಳಿಯಿರಿ. ಈಗ ಬಿಸಿಲಲ್ಲಿ ಚಾರ್ಜ್ ಆಗುವುದೂ ಇದೆ. ಮೂಲೆ ಸವೆಯುವ ಗೋಳು ಇಲ್ಲ, ಸವೆದರೆ ಹೊರಗಿನ ಕವಚ ಬದಲಾಯಿಸಿದರಾಯಿತು. ಸುಮ್ನೆ ದೀಪದ ಕೆಳಗೆ ಓಲಾಡಿಸುತ್ತಾ ಕೂರುವ ಬದಲು ಅದನ್ನು ತಗೊಂಡು ನೆಮ್ಮದಿಯಾಗಿರಿ.

ತಿರುಪುಳಿ:

ಜಿ-ಶಾಕ್ ಬಗ್ಗೆ ನನ್ನ ತಕರಾರೇ ಇಲ್ಲ, ನಮ್ಮ ಹೊಟ್ಟೆ ಮೇಲೆ ಹೊಡೆಯುವ ವಾಚದು, ರಿಪೇರಿಗೆ ಬರುವುದೇ ಇಲ್ಲ! ಆದರೆ ಅದರ ಚೌಕ ಮಾದರಿ, 5600 ಸರಣಿಯ ಅಗಲ 43 ಮಿಲಿಮೀಟರ್ ಹತ್ತಿರ, ದಪ್ಪ 13 ದಾಟುತ್ತೆ. ಅಂಗಿ ತೋಳಿನ ಗುಂಡಿ ಹಾಕುವವರಿಗೆ ಕಷ್ಟ.

ನೀರಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ದುಂಡು ಕೇಸಿನ ಮುಚ್ಚಳವನ್ನು ತಿರುಗಿಸಿ ಬಿಗಿಯಬಹುದು, ರಬ್ಬರ್ ಬಳೆ ಸುತ್ತಲೂ ಒಂದೇ ಸಮ ಅದುಮುತ್ತೆ. ಚೌಕ ಮುಚ್ಚಳವನ್ನು ತಿರುಗಿಸಲು ಬರುವುದಿಲ್ಲ. ನಾಲ್ಕು ಸ್ಕ್ರೂ ಹಾಕಬೇಕು, ಇಲ್ಲ ಒತ್ತಿ ಕೂರಿಸಬೇಕು. ಮೂಲೆಯಲ್ಲಿ ರಬ್ಬರ್ ಎಳೆದಂತಾಗುತ್ತೆ, ನೀರು ನುಗ್ಗುವುದೂ ಸಾಮಾನ್ಯವಾಗಿ ಅಲ್ಲೇ. 1969ರಲ್ಲಿ ಹೊಯರ್ ಕಂಪನಿಯ ಚೌಕ ವಾಚು ಮೊನಾಕೊ ಬಂದಾಗ, ನೀರು ತಡೆಯುವ ಚೌಕ ಕೇಸ್ ಅನ್ನುವುದೇ ದೊಡ್ಡ ಸಂಗತಿಯಾಗಿತ್ತು. ಆದ್ದರಿಂದ ನಾಲ್ಕು ಸ್ಕ್ರೂ ಇರುವ ಮುಚ್ಚಳ ಸಿಕ್ಕರೆ ಅದನ್ನೇ ಆರಿಸಿ. ಮುಚ್ಚಳದ ಮೇಲೆ 30 ಮೀಟರ್ ಅಂತಿದ್ದರೆ ಅಷ್ಟು ಆಳಕ್ಕೆ ಇಳಿಯಬಹುದು ಅಂತಲ್ಲ. ಮಳೆ ಹನಿ, ಕೈ ತೊಳೆಯುವಾಗ ಹಾರಿದ ನೀರು, ಅಷ್ಟೇ. ನಿಮಗೆ 50 ಮೀಟರ್ ಇದ್ದರೆ ಒಳ್ಳೆಯದು. ಸೆಲ್ ಬದಲಾಯಿಸುವಾಗಲೆಲ್ಲ ರಬ್ಬರನ್ನೂ ಬದಲಾಯಿಸಲು ಹೇಳಿ.

ಹಳೇ ಕೀಲಿ:

ಹಳೆಯ ವಾಚು ನೋಡಬಹುದಲ್ಲ? 1930–40ರ ದಶಕದಲ್ಲಿ ಆಯತದ ವಾಚೇ ಫ್ಯಾಷನ್. ಹ್ಯಾಮಿಲ್ಟನ್, ಗ್ರೂಯೆನ್, ಬುಲೋವಾ ಎಲ್ಲರೂ ಮಾಡುತ್ತಿದ್ದರು. ಒಳಗಿನ ಯಂತ್ರವೂ ಆಯತದ್ದೇ ಇರುತ್ತಿತ್ತು. ಈಗಿನ ದುಡ್ಡಿಗೆ ಹೋಲಿಸಿದರೆ ಸಸ್ತಾ. ಅಳತೆಯೂ ಸಣ್ಣದು, ನಿಮ್ಮ ಕೈಗೆ ಹೇಳಿ ಮಾಡಿಸಿದ ಹಾಗಿರುತ್ತೆ.

ತಿರುಪುಳಿ:

ಹಳೇ ಕೀಲಿ ಅವರೇ, ನೀವು ಹೇಳುವುದು ನಿಜ, ಆ ಯಂತ್ರಗಳನ್ನು ಬಿಚ್ಚಿ ನೋಡುವುದೇ ಒಂದು ಖುಷಿ. ಆದರೆ ದಿನಾ ಕಟ್ಟುವವರಿಗೆ ಬೇಡ. ಬಗ್ಗಿದ ಗಾಜು ಒಡೆದರೆ ಅದೇ ಅಳತೆಯದು ಸಿಗುವುದಿಲ್ಲ, ಉಜ್ಜಿ ಉಜ್ಜಿ ಹೊಸದು ಮಾಡಿಸಬೇಕು. ನೀರಿನ ಹತ್ತಿರವಂತೂ ತರಲೇಬಾರದು. ಹೊಸ ವಾಚು ಕೊಳ್ಳುವಾಗಲೂ ಗಾಜಿನ ಬಿಡಿಭಾಗ ಸಿಗುತ್ತಾ ಅಂತ ಕೇಳಿಕೊಳ್ಳಿ. ದುಂಡು ಗಾಜು ಯಾವ ಕಂಪನಿಯದ್ದಾದರೂ ಹೊಂದಿಸಬಹುದು, ಚೌಕದ್ದು ಹಾಗಲ್ಲ.

ಗಾಜು ಸಫಾಯರ್ ಆಗಿರಲಿ, ಅಂದರೆ ಕೃತಕವಾಗಿ ಬೆಳೆಸಿದ ಬಣ್ಣವಿಲ್ಲದ ನೀಲಮಣಿ ಹರಳು. ಗಡಸುತನದ ಮೋಸ್ ಅಳತೆಯಲ್ಲಿ ವಜ್ರ 10, ಸಫಾಯರ್ 9, ಮರಳಿನ ಕಣ 7. ಮಾಮೂಲಿ ಗಾಜು 6ರ ಆಸುಪಾಸು, ಹಾಗಾಗಿ ಧೂಳಿಗೇ ಗೀರು ಬೀಳುತ್ತೆ. ಗಡಸು ಅಂದರೆ ಒಡೆಯುವುದಿಲ್ಲ ಅಂತಲ್ಲ. ಅಂಚಿಗೆ ಪೆಟ್ಟು ಬಿದ್ದರೆ ಸಫಾಯರೂ ಚಕ್ಕೆ ಏಳುತ್ತೆ. ಗಾಜು ಕೇಸಿನ ಅಂಚಿಗಿಂತ ಮೇಲೆ ಎದ್ದಿದೆಯೋ, ಸಮ ಇದೆಯೋ ಅಂತ ಉಗುರು ಆಡಿಸಿ ನೋಡಿ. ಸಮ ಇದ್ದರೆ ಕ್ಷೇಮ.

ಸಣ್ಣಮುಳ್ಳು:

ಎಲ್ಲರಿಗೂ ಥ್ಯಾಂಕ್ಸ್. ನೋಡಿಟ್ಟ ವಾಚುಗಳು ಎರಡಕ್ಕೆ ಇಳಿದಿವೆ. ಒಂದು 33 ಮಿ.ಮೀ. ಚೌಕ, ಇನ್ನೊಂದು 34 ಉದ್ದ, 26 ಅಗಲದ ಆಯತ. ಎರಡೂ ಸ್ಟೀಲು, ಕ್ವಾರ್ಟ್ಜ್, ಸಫಾಯರ್, ನಾಲ್ಕು ಸ್ಕ್ರೂ. 33 ಅಂದರೆ ಸಣ್ಣದೇ ಅಲ್ವಾ? ದುಂಡಿನಲ್ಲಿ 36 ಕೂಡ ನನಗೆ ದೊಡ್ಡದೆನಿಸಿರಲಿಲ್ಲ. ಚೌಕಕ್ಕೇ ಮನಸ್ಸು ಎಳೆಯುತ್ತಿದೆ.

ತಿರುಪುಳಿ:

ಅಂಕಿ ನೋಡಿ ಮೋಸ ಹೋಗಬೇಡಿ. 33ರ ಚೌಕದ ಮುಖದ ವಿಸ್ತೀರ್ಣ 1089 ಚದರ ಮಿಲಿಮೀಟರ್. 37ರ ದುಂಡಿನದು 1075. ಅಂದರೆ ಕೈ ಮೇಲೆ 37ರ ದುಂಡಿಗಿಂತ ಕೂದಲೆಳೆ ದೊಡ್ಡದೇ ಕಾಣುತ್ತೆ. ಮೂಲೆಯಿಂದ ಮೂಲೆಗೆ ಅಳೆದರೆ 46 ದಾಟುತ್ತೆ. ಆಯತದ್ದು 884, ಅದು 33–34ರ ದುಂಡಿಗೆ ಸಮ.

ಆದರೂ ಕೊನೆಗೆ ಲೆಕ್ಕಕ್ಕೆ ಬರುವುದು ಪಟ್ಟಿ ಸೇರುವ ಕಿವಿಗಳ ತುದಿಯಿಂದ ತುದಿಯ ಉದ್ದ. ನಿಮ್ಮ ಮಣಿಕಟ್ಟಿನ ಮೇಲ್ಭಾಗದ ಚಪ್ಪಟೆ ಜಾಗವನ್ನು ಸ್ಕೇಲಿನಲ್ಲಿ ಅಳೆಯಿರಿ. ಕಿವಿಗಳ ತುದಿ ಅದಕ್ಕಿಂತ ಆಚೆ ಚಾಚಿಕೊಂಡರೆ ಯಾವ ಆಕಾರವಾದರೂ ಬೇಡ. ಒಳಗೇ ಕೂತರೆ ಚೌಕವನ್ನೇ ತಗೊಳ್ಳಿ, ಮನಸ್ಸು ಎಳೆದದ್ದನ್ನೇ ದಿನಾ ಕಟ್ಟುವುದು.

ಹಾಂ, ಪಟ್ಟಿಯ ಅಗಲ 17 ಅಥವಾ 19 ಇದ್ದರೆ ಬೇಡ. 18 ಇಲ್ಲವೇ 20 ಇರಲಿ, ಮುಂದೆ ಪಟ್ಟಿ ಬದಲಾಯಿಸುವಾಗ ಹುಡುಕಾಟ ತಪ್ಪುತ್ತೆ.

ಸಣ್ಣಮುಳ್ಳು:

ಅಳೆದೆ. ಚಪ್ಪಟೆ ಜಾಗ 48 ಇದೆ, ಚೌಕದ ಕಿವಿಯಿಂದ ಕಿವಿಗೆ 41. ಪಟ್ಟಿ 18. ನಾಳೆ ಹೋಗಿ ದೀಪದ ಕೆಳಗೆ ಹಿಡಿದು ನೋಡುತ್ತೇನೆ.