ಮೈದಾನವನ್ನು ನಿಲುಗಡೆಗೆ ಕೊಡುವ ಮುನ್ನ: ಕಾಲೇಜುಗಳ ಅನುಭವ

ಕೋರಿಕೆ (ಪದವಿ ಕಾಲೇಜಿನ ಉಪನ್ಯಾಸಕಿ):

ನಮ್ಮದು ಜಿಲ್ಲಾ ಕೇಂದ್ರದಲ್ಲಿರುವ ಅನುದಾನಿತ ಕಾಲೇಜು. ಪಿಯು ವಿಭಾಗವೂ ಅದೇ ಆವರಣದಲ್ಲಿದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನಿಂದ ಗ್ರಂಥಾಲಯದವರೆಗೆ ಬೈಕು, ಸ್ಕೂಟರುಗಳು ಎರಡೂ ಬದಿ ತುಂಬಿರುತ್ತವೆ. ಆಂಬುಲೆನ್ಸ್ ಬಂದರೂ ಒಳಗೆ ಹೋಗಲಾರದು. ಆಡಳಿತ ಮಂಡಳಿ ಈಗ ಆಟದ ಮೈದಾನದ ಒಂದು ಪಾಲನ್ನು ನಿಲುಗಡೆಗೆ ಬಿಡಲು ಹೊರಟಿದೆ. ಸಮಿತಿಯ ಸಂಚಾಲಕತ್ವ ನನ್ನ ಪಾಲಿಗೆ ಬಂದಿದೆ. ಇದನ್ನು ನಿಭಾಯಿಸಿದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ನಿವೃತ್ತ ವಾಣಿಜ್ಯ ಉಪನ್ಯಾಸಕ, ಹಾಸನ:

ಮೇಡಂ, ಮೊದಲು ಎಣಿಸಿ. ಪ್ರವೇಶಾತಿ, ಪರೀಕ್ಷೆಗಳ ಗಡಿಬಿಡಿಯಿಲ್ಲದ ಸಾಧಾರಣ ದಿನವೊಂದರಲ್ಲಿ ಎನ್‌ಎಸ್‌ಎಸ್ ವಿದ್ಯಾರ್ಥಿಗಳಿಂದ ಅರ್ಧ ಗಂಟೆಗೊಮ್ಮೆ ನಿಂತಿರುವ ವಾಹನಗಳ ನಂಬರ್ ಬರೆಸಿ. ನಾವು ಬರೆಸಿದಾಗ ಸಮಿತಿಯ ಮಾತಿನ ಧಾಟಿಯೇ ಬದಲಾಯಿತು. ಎದುರಿನ ಅಂಗಡಿಯವರು, ಪಕ್ಕದ ಬ್ಯಾಂಕಿಗೆ ಬರುವವರು ನಮ್ಮ ಮರದಡಿಯಲ್ಲೇ ಗಾಡಿ ಬಿಟ್ಟು ಹೋಗುತ್ತಿದ್ದರು. ಓದು ಮುಗಿಸಿ ಹೋದವರ ಕೆಟ್ಟ ಬೈಕುಗಳು ಗೋಡೆಗೊರಗಿ ತುಕ್ಕು ಹಿಡಿದಿದ್ದವು. ಮಧ್ಯಾಹ್ನ ಎರಡರ ನಂತರವಂತೂ ಜಾಗ ಬೇಕಾದಷ್ಟಿತ್ತು. ನಮ್ಮವರ ಗಾಡಿಗಳಿಗೆ ಸ್ಟಿಕ್ಕರ್ ಕೊಟ್ಟು ಹೊರಗಿನವರನ್ನು ತಡೆದೆವು. ಕಲಾ ಮತ್ತು ವಾಣಿಜ್ಯ ವಿಭಾಗಗಳ ಮೊದಲ ತರಗತಿಗಳನ್ನು ಬೇರೆ ಬೇರೆ ಹೊತ್ತಿಗೆ ಇಟ್ಟೆವು. ವೇಳಾಪಟ್ಟಿ ತಿದ್ದುವುದಕ್ಕೆ ಹಣ ಬೇಡ, ಆದರೆ ವಿಭಾಗ ಮುಖ್ಯಸ್ಥರನ್ನು ಒಪ್ಪಿಸುವ ತಾಳ್ಮೆ ಬೇಕು.

ಇನ್ನೊಂದು ಮಾತು ಅಧ್ಯಾಪಕರಿಗೆ ಹಿಡಿಸುವುದಿಲ್ಲ, ಆದರೂ ಹೇಳಲೇಬೇಕು. ಬಯಲು ನಿಲುಗಡೆಯಲ್ಲಿ ಒಂದು ಕಾರಿಗೆ, ತಿರುಗಿಸುವ ಜಾಗವೂ ಸೇರಿ, ನಗರ ಯೋಜನೆಯವರು ಸುಮಾರು 23 ಚದರ ಮೀಟರ್ ಹಿಡಿಯುತ್ತಾರೆ. ಅಷ್ಟರಲ್ಲಿ ಐದಾರು ಸ್ಕೂಟರುಗಳು ಆರಾಮವಾಗಿ ನಿಲ್ಲುತ್ತವೆ. ಒಬ್ಬೊಬ್ಬರೇ ಕಾರಿನಲ್ಲಿ ಬಂದು ಇಳಿಯುವ ನಾವು, ಜಾಗವಿಲ್ಲ ಎಂದು ವಿದ್ಯಾರ್ಥಿಗಳನ್ನು ದೂರುವುದು ನ್ಯಾಯವಲ್ಲ. ಒಂದೇ ಬಡಾವಣೆಯಿಂದ ಒಂದೇ ಕಾರಿನಲ್ಲಿ ಬರುವ ಸಹೋದ್ಯೋಗಿಗಳಿಗೆ ನೆರಳಿನ ಜಾಗವನ್ನು ಮೀಸಲಿಟ್ಟೆವು. ಏಪ್ರಿಲ್ ಬಿಸಿಲಿನಲ್ಲಿ ಆ ನೆರಳು ಮಾಡಿದ ಕೆಲಸವನ್ನು ಪ್ರಾಂಶುಪಾಲರ ಸುತ್ತೋಲೆ ಮಾಡಿರಲಿಲ್ಲ. ಅಂಗವಿಕಲ ವಿದ್ಯಾರ್ಥಿಗಳ ವಾಹನಗಳಿಗೆ ಮೆಟ್ಟಿಲಿಲ್ಲದ ಬಾಗಿಲಿನ ಬಳಿಯ ಜಾಗವನ್ನು ಬಿಡಿ. ಅದರಲ್ಲಿ ಯಾರ ಶಿಫಾರಸಿಗೂ ಮಣಿಯಬೇಡಿ.

ಪಿಯು ಕಾಲೇಜಿನ ಪ್ರಾಂಶುಪಾಲೆ, ಶಿವಮೊಗ್ಗ:

ಪಿಯು ಮಕ್ಕಳ ವಾಹನಗಳನ್ನು ಬೇರೆಯಾಗಿಯೇ ನೋಡಿ. ಹದಿನೆಂಟು ತುಂಬದವರು, 16 ವರ್ಷವಾಗಿ ಪರವಾನಗಿ ಪಡೆದಿದ್ದರೂ, 50 ಸಿಸಿ ಮೀರದ ಗಾಡಿಯನ್ನಷ್ಟೇ ಓಡಿಸಬಹುದು. ಮಕ್ಕಳು ತರುವ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ 100 ಸಿಸಿಗೂ ಮೇಲಿನವು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ; ವಾಹನದ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ. ಪೋಷಕರ ಸಭೆಯಲ್ಲಿ ಇದನ್ನು ಓದಿ ಹೇಳಿದೆ. ಪರವಾನಗಿಯ ಪ್ರತಿ ಇಲ್ಲದೆ ಸ್ಟಿಕ್ಕರ್ ಇಲ್ಲ ಎಂದೆ. ಒಳಗೆ ಬರುವ ಸ್ಕೂಟರುಗಳು ಕಡಿಮೆಯಾದವು, ಆದರೆ ಕೆಲವರು ಹಿಂದಿನ ರಸ್ತೆಯಲ್ಲಿ ನಿಲ್ಲಿಸಿ ಬರತೊಡಗಿದರು. ಹಾಗಾಗಿ ಮೊದಲ ತಿಂಗಳು ಗೇಟಿನ ಹೊರಗೂ ಕಣ್ಣಿಡಿ, ಅಕ್ಕಪಕ್ಕದ ಮನೆಯವರೊಡನೆ ಮಾತನಾಡಿ. ಮಗುವಿನ ಜೀವದ ಪ್ರಶ್ನೆ ಇದು, ಜಾಗದ್ದಷ್ಟೇ ಅಲ್ಲ.

ದೈಹಿಕ ಶಿಕ್ಷಣ ನಿರ್ದೇಶಕ, ವಿಜಯಪುರ:

ಕೈಮುಗಿದು ಕೇಳುತ್ತೇನೆ, ಮೈದಾನ ಕೊಡಬೇಡಿ. ನಾನು ಮೊದಲು ಕೆಲಸ ಮಾಡಿದ ಸಂಸ್ಥೆಯಲ್ಲಿ ವಾಲಿಬಾಲ್ ಅಂಕಣಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದರು. ಜಾಗವಿದೆ ಎಂದು ತಿಳಿದ ಮೇಲೆ ಬಸ್ಸಿನಲ್ಲಿ ಬರುತ್ತಿದ್ದವರೂ ಗಾಡಿ ತಂದರು. ಮರುವರ್ಷ ಮತ್ತೆ ಅದೇ ಕೊರತೆ. ಅಂಕಣ ಮಾತ್ರ ಮರಳಿ ಸಿಗಲಿಲ್ಲ. ಆಡಳಿತ ಮಂಡಳಿಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಶ್ರೇಣಿಯ ಮೇಲೆ ಕಣ್ಣಿದ್ದರೆ ಅದನ್ನೇ ಮುಂದಿಡಿ. ಅದರ ಏಳನೆಯ ಮಾನದಂಡದಲ್ಲಿ ಹಸಿರು ಆವರಣದ ಅಂಗವಾಗಿ ವಾಹನ ಪ್ರವೇಶದ ನಿರ್ಬಂಧ, ಸೈಕಲ್ ಅಥವಾ ಬ್ಯಾಟರಿ ವಾಹನಗಳ ಬಳಕೆ, ಪಾದಚಾರಿ ದಾರಿ ಇವನ್ನೆಲ್ಲ ಕೇಳಿದ್ದಾರೆ.

ಹಳೆಯ ವಿದ್ಯಾರ್ಥಿ, ಈಗ ಸಿಯಾಟಲ್:

ಇಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯ 1991ರಲ್ಲಿ ಯು-ಪಾಸ್ ಎಂಬ ಬಸ್ ಪಾಸ್ ತಂದಾಗ ಪಾರ್ಕಿಂಗ್ ಶುಲ್ಕವನ್ನೂ ಜೊತೆಗೇ ಏರಿಸಿತು. ಆ ಜೋಡಿಯೇ ಮುಖ್ಯ. ಶುಲ್ಕವನ್ನಷ್ಟೇ ಹಾಕಿದರೆ ಪ್ರತಿಭಟನೆ ಕಾದಿರುತ್ತದೆ, ಪಾಸನ್ನಷ್ಟೇ ಕೊಟ್ಟರೆ ಕಾರಿನವರು ಕದಲುವುದಿಲ್ಲ. ಮದ್ರಾಸ್ ಐಐಟಿಯ ಸೈಕಲ್ ವ್ಯವಸ್ಥೆಯನ್ನು ಯಾರಾದರೂ ಉದಾಹರಿಸಿದರೆ ಎಚ್ಚರವಿರಲಿ: ಅಲ್ಲಿನ ವಿದ್ಯಾರ್ಥಿಗಳು ಆವರಣದ ಹಾಸ್ಟೆಲುಗಳಲ್ಲೇ ಇರುತ್ತಾರೆ. ಹಳ್ಳಿಗಳಿಂದ ದಿನವೂ ಓಡಾಡುವವರ ಕಾಲೇಜಿಗೆ ಅದು ಹೊಂದುವುದಿಲ್ಲ.

ಬಿಎಸ್ಸಿ ವಿದ್ಯಾರ್ಥಿನಿ, ತುಮಕೂರು:

ಮೇಡಂ, ನಾವು ಗಾಡಿ ತರುವುದು ಶೋಕಿಗಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ನಾವು ಟಿಕೆಟ್ ದುಡ್ಡು ಕೊಡಬೇಕಿಲ್ಲ. ಆದರೂ ನನ್ನ ಗೆಳತಿಯರು ಸ್ಕೂಟರ್ ಬಿಡಲಿಲ್ಲ. ಬೆಳಗಿನ ಬಸ್ ತುಂಬಿ ಬಂದು ನಿಲ್ಲಿಸದೆ ಹೋಗುತ್ತದೆ. ಸಂಜೆ ಪ್ರಯೋಗಾಲಯ ಮುಗಿಯುವಾಗ ಊರಿನ ಬಸ್ ಹೊರಟುಹೋಗಿರುತ್ತದೆ. ನಮ್ಮ ಕಾಲೇಜಿನಲ್ಲಿ ಯಾವ ಊರಿನಿಂದ ಎಷ್ಟು ಮಂದಿ, ಯಾವ ಹೊತ್ತಿಗೆ ಬರುತ್ತಾರೆ ಎಂಬ ಪಟ್ಟಿ ಮಾಡಿ, ಪ್ರಾಂಶುಪಾಲರ ಸಹಿಯೊಂದಿಗೆ ಡಿಪೋ ವ್ಯವಸ್ಥಾಪಕರಿಗೆ ಕೊಟ್ಟೆವು. ಒಂದು ಮಾರ್ಗದ ಬಸ್ಸಿನ ಸಮಯ ಬದಲಾಯಿತು, ಇನ್ನೊಂದು ಮಾರ್ಗದ್ದು ಆಗಲಿಲ್ಲ. ಆ ಎರಡನೆಯ ಊರಿನವರಿಗಾಗಿ ಪ್ರಯೋಗಾಲಯವನ್ನೇ ಬೆಳಿಗ್ಗೆಗೆ ತಂದರು. ನಿಮ್ಮ ಸಮಿತಿಯಲ್ಲಿ ಹಳ್ಳಿಯಿಂದ ಬರುವ ಹುಡುಗಿಯರನ್ನೂ ಸೇರಿಸಿಕೊಳ್ಳಿ. ಯಾವ ಬಸ್ ಎಲ್ಲಿ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.