ದೊಡ್ಡ ಸೈನ್ಸ್ ಫಿಕ್ಷನ್ ಸಮ್ಮೇಳನಕ್ಕೆ ಮೊದಲ ಸಲ ಒಬ್ಬಳೇ ಹೋಗುತ್ತಿದ್ದೇನೆ: ಹೇಗೆ ಸಿದ್ಧಳಾಗಬೇಕು?

ಪುಸ್ತಕಪಥಿಕೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷಗಳಿಂದ ಸೈನ್ಸ್ ಫಿಕ್ಷನ್ ಓದುತ್ತಾ ಬಂದಿದ್ದರೂ, ಓದಿದ್ದರ ಬಗ್ಗೆ ಎದುರು ಕೂತು ಮಾತನಾಡಬಲ್ಲವರು ನನ್ನ ಪರಿಚಯದಲ್ಲಿ ಒಬ್ಬರೂ ಇಲ್ಲ. ಆ ಕೊರತೆಯನ್ನು ನೀಗಿಸಿಕೊಳ್ಳಬೇಕೆಂದೇ ಬಹುಕಾಲ ಹಣ ಕೂಡಿಟ್ಟು, ಈ ವರ್ಷ ಐದು ದಿನ ನಡೆಯುವ ಒಂದು ದೊಡ್ಡ ಅಭಿಮಾನಿ ಸಮ್ಮೇಳನಕ್ಕೆ ಹೆಸರು ನೋಂದಾಯಿಸಿದ್ದೇನೆ. ಅಲ್ಲಿ ಹಲವು ಸಾವಿರ ಜನ ಸೇರುತ್ತಾರೆ, ಅವರಲ್ಲಿ ನನಗೆ ಗೊತ್ತಿರುವವರು ಯಾರೂ ಇಲ್ಲ.

ಕಳೆದ ವಾರ ಕಾರ್ಯಕ್ರಮಪಟ್ಟಿ ಬಂತು. ಒಂದೊಂದು ಗಂಟೆಗೂ ಹತ್ತಾರು ಕೋಣೆಗಳಲ್ಲಿ ಗೋಷ್ಠಿ, ವಾಚನ, ಉಪನ್ಯಾಸ, ಹಸ್ತಾಕ್ಷರ ಎಂದು ಒಟ್ಟೊಟ್ಟಿಗೆ ನಡೆಯುತ್ತವೆ. ನನಗೆ ಬೇಕೆನಿಸಿದ್ದಕ್ಕೆಲ್ಲ ಹಳದಿ ಬಣ್ಣ ಹಚ್ಚುತ್ತಾ ಹೋದಾಗ, ಮೊದಲ ದಿನ ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ಊಟಕ್ಕೂ ಬಿಡುವಿಲ್ಲದಂತೆ ಪುಟವೆಲ್ಲ ಹಳದಿಯಾಯಿತು. ಇದರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು? ಒಬ್ಬಳೇ ಹೋದವಳು ಅಪರಿಚಿತರ ಜೊತೆ ಮಾತು ಶುರುಮಾಡುವುದು ಹೇಗೆ? ಕಥಾಪಾತ್ರಗಳ ವೇಷ ಧರಿಸದೆ ಹೋದರೆ ಹೊರಗಿನವಳಂತೆ ಕಾಣುತ್ತೇನೆಯೆ? ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಧೂಮಕೇತು ಉತ್ತರಿಸಿದ್ದು:

ನಾನು ಇಂಥ ಸಮ್ಮೇಳನಗಳಿಗೆ ಹೋಗಲು ಆರಂಭಿಸಿ ಇಪ್ಪತ್ತು ವರ್ಷ ದಾಟಿದೆ. ನಿಮ್ಮ ಹಳದಿ ಪುಟವನ್ನು ಓದಿದಾಗ ನನ್ನ ಮೊದಲ ಸಲದ ಪಟ್ಟಿ ಕಣ್ಣ ಮುಂದೆ ಬಂತು. ಆ ಐದು ದಿನ ನಾನು ಒಂದು ಸಭಾಂಗಣದಿಂದ ಇನ್ನೊಂದಕ್ಕೆ ಓಡುತ್ತಲೇ ಇದ್ದೆ. ಮನೆಗೆ ಬಂದು ನೆನಪಿಸಿಕೊಂಡರೆ, ಒಬ್ಬರ ಜೊತೆಗೂ ಐದು ನಿಮಿಷ ನಿಂತು ಮಾತನಾಡಿರಲಿಲ್ಲ. ನೀವು ಹೊರಟಿರುವುದೇ ಮಾತಿಗಾಗಿ. ಆದ್ದರಿಂದ ನನ್ನ ಹಾಗೆ ಮಾಡಬೇಡಿ.

ಮೊದಲಿಗೆ ನೀವು ಹೋಗುತ್ತಿರುವುದು ಯಾವ ಬಗೆಯ ಸಮ್ಮೇಳನ ಎಂಬುದನ್ನು ತಿಳಿದುಕೊಳ್ಳಿ, ಏಕೆಂದರೆ ಸಿದ್ಧತೆ ಅದರ ಮೇಲೆ ನಿಂತಿದೆ. ಅಟ್ಲಾಂಟಾ ನಗರದಲ್ಲಿ 1987ರಿಂದ ನಡೆಯುತ್ತಿರುವ ಡ್ರ್ಯಾಗನ್ ಕಾನ್‌ನಲ್ಲಿ ಈಚಿನ ವರ್ಷಗಳಲ್ಲಿ ಸುಮಾರು 70,000 ಜನ ಸೇರುತ್ತಿದ್ದಾರೆ, ಕಾರ್ಯಕ್ರಮಗಳು ಒಂದಲ್ಲ ಐದು ಹೋಟೆಲುಗಳಲ್ಲಿ ಹರಡಿಕೊಂಡಿರುತ್ತವೆ. ಅಲ್ಲಿ ಒಂದು ಗೋಷ್ಠಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲೇ ಅರ್ಧ ಗಂಟೆ ಕಳೆದುಹೋಗಬಹುದು. ವರ್ಲ್ಡ್‌ಕಾನ್ ಎಂದು ಕರೆಯುವ ವಿಶ್ವ ಸಮ್ಮೇಳನ ಇದಕ್ಕಿಂತ ಬಹಳ ಚಿಕ್ಕದು, ಆದರೆ ಅದರ ಪರಂಪರೆ ಬಹಳ ಹಳೆಯದು. ಅದು 1939ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಇನ್ನೂರರಷ್ಟು ಜನರೊಂದಿಗೆ ಆರಂಭವಾಯಿತು. ಎರಡನೇ ಮಹಾಯುದ್ಧದ ಕಾರಣ 1942ರಿಂದ 1945ರವರೆಗೆ ನಿಂತದ್ದನ್ನು ಬಿಟ್ಟರೆ ಪ್ರತಿವರ್ಷವೂ ನಡೆದುಕೊಂಡು ಬಂದಿದೆ. ಪ್ರತಿಸಲವೂ ಊರು ಬದಲಾಗುತ್ತದೆ: 2023ರಲ್ಲಿ ಚೀನಾದ ಚೆಂಗ್ಡು, 2024ರಲ್ಲಿ ಗ್ಲಾಸ್ಗೋ, 2025ರಲ್ಲಿ ಸಿಯಾಟಲ್.

ಈ ವಿಶ್ವ ಸಮ್ಮೇಳನದ ವಿಷಯದಲ್ಲಿ ಹೊಸಬರು ಗಮನಿಸದೆ ಹೋಗುವ ಒಂದು ಸಂಗತಿಯಿದೆ. ಅಲ್ಲಿ ಹಣ ಕೊಟ್ಟವರು ಕೊಂಡದ್ದು ಟಿಕೆಟ್ಟಲ್ಲ, ಸದಸ್ಯತ್ವ. ಸದಸ್ಯರಾದ ಮೇಲೆ, ವರ್ಷದ ಅತ್ಯುತ್ತಮ ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿ ಕೃತಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಗೆ ಮತ ಹಾಕುವ ಹಕ್ಕು ನಿಮ್ಮದು. ಎರಡು ವರ್ಷಗಳ ನಂತರದ ಸಮ್ಮೇಳನ ಯಾವ ಊರಿನಲ್ಲಿ ನಡೆಯಬೇಕೆಂಬುದನ್ನೂ, ಪ್ರತ್ಯೇಕ ಶುಲ್ಕ ಕಟ್ಟಿ, ಸದಸ್ಯರೇ ಮತದಿಂದ ತೀರ್ಮಾನಿಸುತ್ತಾರೆ. 1953ರಲ್ಲಿ ಮೊದಲು ಕೊಟ್ಟ ಹ್ಯೂಗೋವನ್ನು ಇಂದಿಗೂ ತೀರ್ಪುಗಾರರ ಮಂಡಳಿಯೊಂದು ಆರಿಸುವುದಿಲ್ಲ, ಓದುಗರೇ ಆರಿಸುತ್ತಾರೆ. ಅಂತಿಮ ಪಟ್ಟಿಯ ಬಹುಪಾಲು ಕೃತಿಗಳನ್ನು ಪ್ರಕಾಶಕರ ಒಪ್ಪಿಗೆಯೊಂದಿಗೆ ಮತದಾರರಿಗೆ ಮುಂಚಿತವಾಗಿ ಓದಲು ಕಳಿಸಿಕೊಡುವುದೂ ಉಂಟು. ನೀವು ಹೋಗುತ್ತಿರುವುದು ಇದೇ ಆಗಿದ್ದರೆ ಆ ಸಣ್ಣ ಕಥೆಗಳನ್ನಾದರೂ ಓದಿಕೊಂಡು ಹೋಗಿ. ಸಾಲಿನಲ್ಲಿ ನಿಂತಾಗ ಪಕ್ಕದವರನ್ನು "ನೀವು ಯಾವ ಕಥೆಗೆ ಮೊದಲ ಸ್ಥಾನ ಕೊಟ್ಟಿರಿ?" ಎಂದು ಕೇಳಿದರೆ ಸಾಕು, ಮಾತು ತಾನೇ ಬೆಳೆಯುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಇದೇ.

ಇನ್ನು ಆಯ್ಕೆಯ ವಿಷಯ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಕಾರ್ಯಕ್ರಮಗಳನ್ನು ಮಾತ್ರ ಗಟ್ಟಿಮಾಡಿಕೊಳ್ಳಿ. ದೊಡ್ಡ ಹೆಸರುಗಳಿರುವ ಗೋಷ್ಠಿಯನ್ನು ಬಿಟ್ಟರೂ ಪರವಾಗಿಲ್ಲ, ಏಕೆಂದರೆ ಅಂಥವರ ಮಾತು ಹೇಗೂ ಬೇರೆ ಕಡೆ ಕೇಳಲು ಸಿಗುತ್ತದೆ. ನಿಮ್ಮ ಪ್ರೀತಿಯ ಲೇಖಕರು ಚಿಕ್ಕ ಕೋಣೆಯಲ್ಲಿ ಇನ್ನೂ ಅಚ್ಚಾಗದ ಅಧ್ಯಾಯವನ್ನು ಓದುವುದಿದ್ದರೆ, ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ "ಕಾಫ಼ಿಕ್ಲಾಚ್" ಎಂಬ ಜರ್ಮನ್ ಹೆಸರಿನ ಕಿರುಗೋಷ್ಠಿಗಳನ್ನು ಪಟ್ಟಿಯಲ್ಲಿ ಹುಡುಕಿ. ಒಂದು ಮೇಜು, ಒಬ್ಬ ಲೇಖಕರು, ಸುತ್ತ ಹತ್ತರಷ್ಟು ಓದುಗರು, ಒಂದು ಗಂಟೆ ಹರಟೆ, ಅಷ್ಟೇ. ಜಾಗ ಕಡಿಮೆಯಿರುವುದರಿಂದ ಮುಂಚಿತವಾಗಿ ಹೆಸರು ಬರೆಸಬೇಕು. ನೋಂದಣಿ ಯಾವಾಗ ತೆರೆಯುತ್ತದೆಂದು ತಿಳಿದುಕೊಂಡು ಆ ಹೊತ್ತಿಗೆ ಸರಿಯಾಗಿ ಅಲ್ಲಿರಿ. ಒಮ್ಮೆ ಇಂಥದೊಂದು ಮೇಜಿನಲ್ಲಿ ಕೂತಾಗ ಲೇಖಕಿಯೊಬ್ಬರು ತಮ್ಮ ಕಾದಂಬರಿಯ ಗ್ರಹಕ್ಕೆ ಎರಡು ಚಂದ್ರರಿದ್ದರೆ ಸಮುದ್ರದ ಉಬ್ಬರ ಹೇಗಿರುತ್ತದೆಂದು ಕಾಗದದ ಕರವಸ್ತ್ರದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದರು. ಎರಡೂ ಒಂದೇ ಸಾಲಿಗೆ ಬಂದ ದಿನ ಬಂದರಿನ ಯಾವ ಮೆಟ್ಟಿಲವರೆಗೆ ನೀರು ಏರುತ್ತದೆಂಬುದನ್ನೂ ಗುರುತು ಮಾಡಿದರು. ಕಾದಂಬರಿಯಲ್ಲಿ ಆ ಮೆಟ್ಟಿಲಿನ ಪ್ರಸ್ತಾಪ ಒಂದೇ ವಾಕ್ಯದಲ್ಲಿ ಬರುತ್ತದೆ. ಆ ಒಂದು ವಾಕ್ಯದ ಹಿಂದೆ ಅಷ್ಟು ಲೆಕ್ಕಾಚಾರ ಇತ್ತೆಂಬುದು ನನಗೆ ಗೊತ್ತಾದದ್ದು ಆ ಮೇಜಿನಲ್ಲಿ.

ಹಿಂದಿನಸಾಲು ಉತ್ತರಿಸಿದ್ದು:

ಧೂಮಕೇತು ಅವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಸಾಲಿನಲ್ಲಿ ನಿಂತವರನ್ನು ತಾವಾಗಿ ಮಾತನಾಡಿಸುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ನನಗಂತೂ ಆಗಲಿಲ್ಲ. ಮೊದಲ ಸಮ್ಮೇಳನದ ಎರಡು ದಿನ ನಾನು ಹಿಂದಿನ ಸಾಲಿನಲ್ಲಿ ಕೂತು, ಗೋಷ್ಠಿ ಮುಗಿದ ಕೂಡಲೇ ಎದ್ದು ಬಂದವಳು.

ಮೂರನೆಯ ದಿನ ಸ್ವಯಂಸೇವಕರ ಮೇಜಿನ ಬಳಿ ಹೋಗಿ, ಎರಡು ಗಂಟೆ ಕೆಲಸ ಕೊಡುವಿರಾ ಎಂದು ಕೇಳಿದೆ. ಅಭಿಮಾನಿಗಳೇ ನಡೆಸುವ ಇಂಥ ಸಮ್ಮೇಳನಗಳಲ್ಲಿ ಅಧ್ಯಕ್ಷರಿಂದ ಹಿಡಿದು ಬಾಗಿಲು ಕಾಯುವವರವರೆಗೆ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರು; ಆದ್ದರಿಂದ ನೆರವಾಗಲು ಬಂದವರನ್ನು ಅವರು ಬೇಡವೆನ್ನುವುದು ಅಪರೂಪ. ನನಗೆ ಕೊಟ್ಟದ್ದು ಕೊರಳಿಗೆ ಹಾಕುವ ಗುರುತಿನ ಚೀಟಿಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುವ ಕೆಲಸ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಚೀಟಿ ಜೋಡಿಸುತ್ತಲೇ, ಮೂವತ್ತು ವರ್ಷಗಳ ಹಿಂದೆ ತಾವು ಸೈಕ್ಲೋಸ್ಟೈಲ್ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದ ಅಭಿಮಾನಿ ಪತ್ರಿಕೆಯ ವಿಷಯ ಹೇಳಿದರು. ಎರಡು ಗಂಟೆ ಕಳೆದದ್ದೇ ತಿಳಿಯಲಿಲ್ಲ. ಸಂಜೆ ಅವರೇ ನನ್ನನ್ನು ಊಟಕ್ಕೆ ಕರೆದುಕೊಂಡು ಹೋಗಿ ತಮ್ಮ ಬಳಗದ ಆರು ಜನರಿಗೆ ಪರಿಚಯಿಸಿದರು. ಕೈಗೆ ಕೆಲಸವಿದ್ದರೆ ನಾಲಿಗೆಯ ಸಂಕೋಚ ಬಿಡುತ್ತದೆ. ಮಾತು ನಿಂತಾಗಲೂ ಮುಜುಗರವಾಗುವುದಿಲ್ಲ, ಚೀಟಿ ಜೋಡಿಸುತ್ತಾ ಇರಬಹುದು. ನೀವು ಮೂರನೆಯ ದಿನದವರೆಗೆ ಕಾಯಬೇಡಿ, ಮೊದಲ ದಿನವೇ ಹೋಗಿ ಕೇಳಿ.

ದೇಹದ ಬಗ್ಗೆಯೂ ಒಂದು ಮಾತು. ಸಮ್ಮೇಳನಕ್ಕೆ ಹೋಗುವವರಲ್ಲಿ 5-2-1 ಎಂಬ ಹಳೆಯ ಸೂತ್ರ ರೂಢಿಯಲ್ಲಿದೆ: ದಿನಕ್ಕೆ ಕನಿಷ್ಠ 5 ಗಂಟೆ ನಿದ್ರೆ, 2 ಊಟ, 1 ಸ್ನಾನ. ಇದು ಬದುಕಿ ಉಳಿಯಲು ಸಾಕು, ಸಂತೋಷಪಡಲು ಸಾಲದು. ನಾನು ಏಳು ಗಂಟೆ ಮಲಗುತ್ತೇನೆ, ರಾತ್ರಿಯ ಕೂಟಗಳಲ್ಲಿ ಒಂದೆರಡನ್ನು ಬಿಡುತ್ತೇನೆ. ಪಳಗಿದ ಪಾದರಕ್ಷೆಯನ್ನೇ ಹಾಕಿಕೊಂಡು ಹೋಗಿ, ಹೊಸದನ್ನು ಖಂಡಿತ ಬೇಡ. ನೀರಿನ ಬಾಟಲಿ, ಸಣ್ಣ ತಿಂಡಿ, ಫೋನಿಗೆ ಪವರ್ ಬ್ಯಾಂಕ್ ಚೀಲದಲ್ಲಿರಲಿ. ಮುಚ್ಚಿದ ಕೋಣೆಗಳಲ್ಲಿ ಸಾವಿರಾರು ಜನ ಉಸಿರಾಡುವುದರಿಂದ ಮರಳಿದ ವಾರ ನೆಗಡಿ, ಕೆಮ್ಮು, ಜ್ವರ ಹಿಡಿಯುವುದು ಸಾಮಾನ್ಯ. ತುಂಬಿದ ಸಭಾಂಗಣದಲ್ಲಿ ಮಾಸ್ಕ್ ಹಾಕಿಕೊಳ್ಳುವುದು, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದು, ಮರಳಿದ ಮೇಲೆ ಒಂದು ದಿನ ರಜೆ ಇಟ್ಟುಕೊಳ್ಳುವುದು ಒಳ್ಳೆಯದು.

ಸೂಜಿದಾರ ಉತ್ತರಿಸಿದ್ದು:

ವೇಷದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ನನಗೆ ಗೊತ್ತಿರುವುದು ಅದೊಂದೇ. ವೇಷ ಯಾರಿಗೂ ಕಡ್ಡಾಯವಲ್ಲ. ಪುಸ್ತಕವನ್ನೇ ಕೇಂದ್ರವಾಗಿಟ್ಟುಕೊಂಡ ಸಮ್ಮೇಳನಗಳಲ್ಲಿ ಹೆಚ್ಚಿನವರು ಮಾಮೂಲಿ ಬಟ್ಟೆಯಲ್ಲೇ ಓಡಾಡುತ್ತಾರೆ. ಹಾಗೆಂದು ಇದು ನಿನ್ನೆ ಮೊನ್ನೆ ಸೇರಿಕೊಂಡ ಪದ್ಧತಿಯೂ ಅಲ್ಲ. 1939ರ ಆ ಮೊದಲ ವಿಶ್ವ ಸಮ್ಮೇಳನಕ್ಕೇ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ಅಭಿಮಾನಿಗಳು ಭವಿಷ್ಯಕಾಲದ ಉಡುಪು ತೊಟ್ಟು ಬಂದಿದ್ದರು, ಆ ಉಡುಪುಗಳನ್ನು ಹೊಲಿದವರು ಡಗ್ಲಸ್. ಹೊಲಿಗೆ ಬಲ್ಲ ನನಗೆ ಆ ಹೆಸರನ್ನು ನೆನೆದಾಗಲೆಲ್ಲ ಹೆಮ್ಮೆಯಾಗುತ್ತದೆ.

ವೇಷ ಹಾಕುವ ಆಸೆಯಿದ್ದರೆ ಒಂದೇ ದಿನಕ್ಕೆ, ಹಗುರವಾದದ್ದನ್ನು ಆರಿಸಿಕೊಳ್ಳಿ. ಮನೆಯಲ್ಲೇ ಅದನ್ನು ತೊಟ್ಟು ಕೂತು, ಎದ್ದು, ಮೆಟ್ಟಿಲು ಹತ್ತಿ, ಶೌಚಾಲಯಕ್ಕೂ ಹೋಗಿಬಂದು ಪರೀಕ್ಷಿಸಿ. ನನ್ನ ಮೊದಲ ವೇಷದಲ್ಲಿ ಫೋಮ್ ಹಾಳೆಯ ಭುಜಕವಚವನ್ನು ಗ್ಲೂ ಗನ್ನಿನ ಅಂಟಿನಿಂದ ಮಾತ್ರ ಕೂಡಿಸಿದ್ದೆ. ವೇಷಸ್ಪರ್ಧೆಯ ವೇದಿಕೆ ಹತ್ತಲು ಹತ್ತು ನಿಮಿಷವಿದ್ದಾಗ ಸೆಕೆಗೆ ಅಂಟು ಮೆತ್ತಗಾಗಿ ಎಡಭುಜ ಕಳಚಿ ಬಿತ್ತು. ಪಕ್ಕದಲ್ಲಿದ್ದ ಪ್ರತಿಸ್ಪರ್ಧಿಯೊಬ್ಬರು ಏನನ್ನೂ ಕೇಳದೆ ತಮ್ಮ ಮುಖವಾಡವನ್ನು ಕೆಳಗಿಟ್ಟು, ಬಾಯಲ್ಲಿ ನಾಲ್ಕು ಸೇಫ್ಟಿ ಪಿನ್ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಒಳಗಿನ ಬಟ್ಟೆಗೆ ಚುಚ್ಚಿ ಭುಜವನ್ನು ನಿಲ್ಲಿಸಿಕೊಟ್ಟರು. ಅಂದಿನಿಂದ ಸೂಜಿ, ದಾರ, ಪಿನ್, ಎರಡೂ ಬದಿ ಅಂಟುವ ಟೇಪು ಇರುವ ಪುಟ್ಟ ಡಬ್ಬಿಯಿಲ್ಲದೆ ನಾನು ಹೋಗುವುದಿಲ್ಲ. ಆ ಡಬ್ಬಿ ನನಗಿಂತ ಹೆಚ್ಚಾಗಿ ಬೇರೆಯವರಿಗೇ ಉಪಯೋಗವಾಗಿದೆ.

ಕತ್ತಿ, ಬಂದೂಕಿನಂಥ ಆಟಿಕೆ ಆಯುಧವಿದ್ದರೆ ನಿಯಮಗಳನ್ನು ಮೊದಲೇ ಓದಿಕೊಳ್ಳಿ. ಕೆಲವು ಕಡೆ ಅವನ್ನು ಪೂರ್ತಿ ನಿಷೇಧಿಸಿರುತ್ತಾರೆ. ಕೆಲವು ಕಡೆ ಪರೀಕ್ಷಿಸಿ, ಒರೆಯಿಂದ ಹೊರತೆಗೆಯಲಾಗದಂತೆ ಪಟ್ಟಿ ಕಟ್ಟಿ ಕೊಡುತ್ತಾರೆ. ವೇಷಧಾರಿಗಳ ಚಿತ್ರ ತೆಗೆಯುವ ಮೊದಲು ಕೇಳಿ, ಒಪ್ಪಿಗೆಯಿಲ್ಲದೆ ಅವರನ್ನಾಗಲಿ ಅವರ ಉಡುಪನ್ನಾಗಲಿ ಮುಟ್ಟಬೇಡಿ. ನಿಮ್ಮೊಂದಿಗೆ ಯಾರಾದರೂ ಅನುಚಿತವಾಗಿ ನಡೆದುಕೊಂಡರೆ ಸುಮ್ಮನಿರಬೇಡಿ. ದೂರು ಕೇಳುವವರು ಯಾವ ಮೇಜಿನಲ್ಲಿರುತ್ತಾರೆ ಎಂಬುದನ್ನು ನಡವಳಿಕೆಯ ನಿಯಮಾವಳಿಯಲ್ಲಿ ಹುಡುಕಿ, ಮೊದಲ ದಿನವೇ ನೋಡಿಟ್ಟುಕೊಳ್ಳಿ. ಒಬ್ಬರೇ ಹೋಗುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪುಸ್ತಕಪಥಿಕೆ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಹಳದಿ ಹಚ್ಚಿದ್ದರಲ್ಲಿ ಹೆಚ್ಚಿನದನ್ನು ಹೊಡೆದುಹಾಕಿ ದಿನಕ್ಕೆ ಎರಡರಂತೆ ಉಳಿಸಿಕೊಂಡಿದ್ದೇನೆ. ಇನ್ನೊಂದು ಸಂಕೋಚದ ಪ್ರಶ್ನೆಯಿದೆ. ನನಗೆ ಗದ್ದಲ ಹೆಚ್ಚಾದರೆ ತಲೆ ಸಿಡಿಯತೊಡಗುತ್ತದೆ, ಹೆಚ್ಚು ಹೊತ್ತು ನಿಲ್ಲುವುದೂ ಕಷ್ಟ. ಇದಕ್ಕೆಲ್ಲ ಅಲ್ಲಿ ಅನುಕೂಲ ಕೇಳಬಹುದೆ, ಅಥವಾ ಅತಿಯಾಯಿತು ಎಂದುಕೊಳ್ಳುತ್ತಾರೆಯೆ?

ಮೌನಗ್ರಹ ಉತ್ತರಿಸಿದ್ದು:

ಖಂಡಿತ ಕೇಳಬಹುದು, ಕೇಳಲೇಬೇಕು. ನಾನು ಊರುಗೋಲಿನ ಸಹಾಯದಿಂದ ನಡೆಯುವವನು, ಕೇಳಲು ಹಿಂಜರಿದು ಮೊದಲ ವರ್ಷ ಹಸ್ತಾಕ್ಷರದ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಮರುದಿನವೆಲ್ಲ ಹಾಸಿಗೆಯಲ್ಲೇ ಕಳೆದೆ. ದೊಡ್ಡ ಸಮ್ಮೇಳನಗಳಲ್ಲಿ ಇಂಥ ಅಗತ್ಯಗಳನ್ನು ನೋಡಿಕೊಳ್ಳಲೆಂದೇ ಪ್ರತ್ಯೇಕ ತಂಡ ಇರುತ್ತದೆ. ಈಗಲೇ ಅವರಿಗೆ ಇಮೇಲ್ ಬರೆದು, "ಹೆಚ್ಚು ಹೊತ್ತು ನಿಲ್ಲಲಾರೆ, ಸಾಲಿನಲ್ಲಿ ಕೂರಲು ಕುರ್ಚಿ ಬೇಕು, ಸದ್ದಿಲ್ಲದ ಕೋಣೆ ಎಲ್ಲಿದೆ" ಎಂದು ಮೂರೇ ಸಾಲಿನಲ್ಲಿ ಸ್ಪಷ್ಟವಾಗಿ ಕೇಳಿ. ಕಾಯಿಲೆಯ ವಿವರವನ್ನೆಲ್ಲ ಹೇಳಬೇಕಾಗಿಲ್ಲ, ಏನು ಬೇಕೆಂಬುದನ್ನು ಹೇಳಿದರೆ ಸಾಕು.

ಗೋಷ್ಠಿಗಳಲ್ಲಿ ಬಾಗಿಲ ಹತ್ತಿರದ ಕೊನೆಯ ಕುರ್ಚಿಯನ್ನು ಹಿಡಿಯಿರಿ. ತಲೆ ಭಾರವಾದರೆ ನಡುವೆ ಎದ್ದು ಹೋಗಬಹುದು, ಅಲ್ಲಿ ಅದನ್ನು ಯಾರೂ ಅಗೌರವವೆಂದು ಭಾವಿಸುವುದಿಲ್ಲ. ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಂಡರೂ ಮೈಕಿನ ಮಾತು ಸಾಕಷ್ಟು ಕೇಳಿಸುತ್ತದೆ. ಪುಸ್ತಕ ಮಾರಾಟದ ಸಭಾಂಗಣ ಮಧ್ಯಾಹ್ನ ಕಿಕ್ಕಿರಿದಿರುತ್ತದೆ, ಬೆಳಿಗ್ಗೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಹೋದರೆ ಅಂಗಡಿಯವರೂ ನಿಧಾನವಾಗಿ ಮಾತಿಗೆ ಸಿಗುತ್ತಾರೆ. ಚಿತ್ರಕಲಾ ಪ್ರದರ್ಶನದ ಕೋಣೆಯನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ನಾನು ದಿನಕ್ಕೊಮ್ಮೆ ಅಲ್ಲಿಗೆ ಹೋಗುತ್ತೇನೆ. ಮುಖಪುಟಗಳಲ್ಲಿ ಅಂಗೈಯಗಲ ಕಂಡ ಚಿತ್ರಗಳ ಮೂಲ ಪ್ರತಿಗಳು ಗೋಡೆಯಗಲ ನಿಂತಿರುತ್ತವೆ, ಕುಂಚದ ಗೆರೆ ಕಾಣುವಷ್ಟು ಹತ್ತಿರ ಹೋಗಿ ನೋಡಬಹುದು.

ಒಂದು ದಿನ ಹೊರಗೆ ಬರಲಾಗದಿದ್ದರೂ ಎದೆಗುಂದಬೇಡಿ. 2020ರಲ್ಲಿ ನ್ಯೂಜಿಲೆಂಡಿನಲ್ಲಿ ನಡೆಯಬೇಕಿದ್ದ ವಿಶ್ವ ಸಮ್ಮೇಳನ ಕೋವಿಡ್ ಕಾರಣದಿಂದ ಪೂರ್ತಿಯಾಗಿ ಆನ್‌ಲೈನಿನಲ್ಲೇ ನಡೆಯಿತು. ಆಮೇಲೆ ಅನೇಕ ಸಮ್ಮೇಳನಗಳು ಕೆಲವು ಗೋಷ್ಠಿಗಳನ್ನಾದರೂ ಹಾಗೆ ಪ್ರಸಾರ ಮಾಡುತ್ತಿವೆ. ನಿಮ್ಮ ಸದಸ್ಯತ್ವದಲ್ಲಿ ಆ ಸೌಲಭ್ಯ ಸೇರಿದೆಯೇ ಎಂದು ಅದೇ ಇಮೇಲಿನಲ್ಲಿ ಕೇಳಿಬಿಡಿ. ಉತ್ತರ ಬಂದ ಮೇಲೆ ಇಲ್ಲಿ ತಿಳಿಸಿ. ಈ ವರ್ಷ ನಾನೂ ಹೆಸರು ನೋಂದಾಯಿಸಬೇಕೆಂದಿದ್ದೇನೆ.