ಒಂದನೇ ಕ್ಲಾಸಿಗೆ ಯಾವ ಸಾಲಿ? ಅಕ್ಕೋರಿಗೆ ಕೇಳ್ರಿ

ಅಡ್ಮಿನ್: ಎಲ್ಲರಿಗೂ ಶರಣು. ನಮ್ಮ ವಾಟ್ಸಾಪ್ ಗುಂಪಿನ ಅಕ್ಕೋರು 31 ವರ್ಷ ಸರ್ಕಾರಿ ಪ್ರಾಥಮಿಕ ಸಾಲ್ಯಾಗ ಕಲಿಸಿ ರಿಟೈರ್ ಆಗ್ಯಾರ, ಮೊದಲ ಚಿತ್ತಾಪುರ ಕಡಿ, ಆಮ್ಯಾಗ ಕಲಬುರಗಿ ಶಹರ. ಸಾಲಿ ಅಡ್ಮಿಷನ್ ಬಗ್ಗೆ ಏನ್ ಕೇಳೋದದ ಕೇಳ್ರಿ. ಸಾಲಿ ಹೆಸರು ಮಾತ್ರ ತಗೀಬ್ಯಾಡ್ರಿ, ಹೋದ ಸಲ ಜಗಳ ಆಗಿದ್ದು ಗೊತ್ತದಲ್ಲ.

ಸೇಡಂ ರೋಡ್ ತಾಯಿ: ಅಕ್ಕೋರ ನಮ್ಮ ಮಗಳಿಗೆ ಜೂನ್ 1ಕ್ಕ 5 ವರ್ಷ 8 ತಿಂಗಳು ಆಗ್ತದ, ಒಂದನೇ ಕ್ಲಾಸಿಗೆ ತಗೋತಾರೇನ್ರಿ? ಒಂದ್ ಪ್ರೈವೇಟ್ ಸಾಲ್ಯಾಗ ಏನೂ ತೊಂದ್ರಿ ಇಲ್ಲ ತಗೋತೀವಿ ಅಂದಾರ.

ಅಕ್ಕೋರು: ಜೂನ್ 1ಕ್ಕ 6 ವರ್ಷ ತುಂಬಿರಬೇಕಮ್ಮ. 2025-26ಕ್ಕ ಅಷ್ಟೇ 5 ವರ್ಷ 5 ತಿಂಗಳಿಗೆ ಇಳಿಸಿದ್ರು, ಅದನ್ನ ಎಲ್ಲಾರೂ ಖಾಯಂ ಅಂತ ತಿಳ್ಕೊಂಡಾರ. ಹೊಸ ಆದೇಶ ಏನರೆ ಬಂದ್ರ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿನಾಗ ಸಿಗ್ತದ, ವಾಟ್ಸಾಪಿನಾಗ ಅಲ್ಲ. ತಗೋತೀವಿ ಅಂದವರಿಗೆ ‘ಮಕ್ಕಳ ದಾಖಲಾತಿಯ ಸರ್ಕಾರಿ ವೆಬ್‌ಸೈಟ್ ಎಸ್‌ಎಟಿಎಸ್‌ದಾಗ ಹೆಸರು ಹ್ಯಾಂಗ ಏರಿಸ್ತೀರಿ’ ಅಂತ ಒಂದ್ ಮಾತು ಕೇಳ್ರಿ, ಮುಖ ನೋಡ್ರಿ. ಯುಕೆಜಿ ಇನ್ನೊಂದ್ ವರ್ಷ ಕುಂತ್ರ ಪೋರಿ ಹಾಳಾಗಲ್ಲ.

ರಿಂಗ್ ರೋಡ್ ಅಣ್ಣ: ಫಾರ್ವರ್ಡೆಡ್. ‘ವಯಸ್ಸು ಕಮ್ಮಿ ಇದ್ದ ಮಕ್ಕಳ ಪಾಲಕರಿಗೆ ಸಿಹಿ ಸುದ್ದಿ, ನೋಟರಿ ಅಫಿಡವಿಟ್ ಮಾಡ್ಸಿ ಜನ್ಮ ದಿನಾಂಕ ಹಿಂದಕ್ಕ ಮಾಡ್ಕೋಬಹುದು, 10 ಜನಕ್ಕ ಕಳಸ್ರಿ.’

ಅಕ್ಕೋರು: ಯಾರೂ ಈ ಕೆಲಸ ಮಾಡಬ್ಯಾಡ್ರಿ. ದಾಖಲಾತಿ ರಿಜಿಸ್ಟರಿನಾಗ ಇವತ್ತ ಏನು ಬರೀತಾರೋ ಅದೇ ಎಸ್‌ಎಸ್‌ಎಲ್‌ಸಿ ಕಾರ್ಡಿನಾಗ ಬರ್ತದ, ಮುಂದ ನೌಕ್ರಿ, ಪಾಸ್‌ಪೋರ್ಟ್ ಎಲ್ಲಾ ಅದರ ಮ್ಯಾಲೇ. ನಾ ಹೆಡ್ ಮಿಸ್ ಇದ್ದಾಗ ದಿನಾಂಕ ತಿದ್ದಿಸ್ಕೊಡ್ರಿ ಅಂತ ಕೋರ್ಟಿಗೆ ಅಡ್ಡಾಡಿ ಸೋತ ತಂದಿ-ತಾಯಿ ಬಂದು ನನ್ನ ಮುಂದ ಅತ್ತಾರ. 10 ಜನಕ್ಕ ಕಳಸೋ ಮೊದಲ ನೀವೊಮ್ಮೆ ಓದ್ರಿ.

ಶಹಾಬಜಾರ್ ಪಾಲಕ: ಅಕ್ಕೋರ ಆರ್‌ಟಿಇ ಸೀಟು ಈ ಸಲ ಸಿಗ್ತದೇನ್ರಿ? ನಮ್ಮ ಅಣ್ಣನ ಮಗಗ 2016ರಾಗ ಸಿಕ್ಕಿತ್ತು, ಪೂರಾ ಫುಕಟ್.

ಅಕ್ಕೋರು: ಆಗಿನ ಮಾತು ಬ್ಯಾರೆ. ಪ್ರೈವೇಟ್ ಸಾಲ್ಯಾಗ ಬಡ ಮಕ್ಕಳಿಗೆ ಫುಕಟ್ 25% ಸೀಟು ಕಾನೂನಿನಾಗ ಇನ್ನೂ ಅದ, ಆದ್ರ 2019ರಿಂದ ನಮ್ಮ ರಾಜ್ಯದಾಗ ಹತ್ರ ಸರ್ಕಾರಿ ಇಲ್ಲಾ ಅನುದಾನಿತ ಸಾಲಿ ಇದ್ರ ಪ್ರೈವೇಟ್ ಸಾಲಿ ಲಿಸ್ಟಿನಾಗೇ ಬರಲ್ಲ. ಶಹರದಾಗ ಸರ್ಕಾರಿ ಸಾಲಿ ಇಲ್ಲದ ಓಣಿ ಎಲ್ಲದ? ಅದನ್ನ ನಂಬಿ ಕುಂಡ್ರಬ್ಯಾಡ್ರಿ.

ಎಂಎಸ್‌ಕೆ ಮಿಲ್ ಕಡಿಯವ್ರು: ಉರ್ದು ಮೀಡಿಯಂ ಹಾಕಿದ್ರ ಮುಂದ ಪಿಯುಸಿಗೆ ಕಷ್ಟ ಆಗ್ತದೇನ್ ಅಕ್ಕೋರ?

ಕಮಲಾಪುರ ತಾಂಡಾದವ್ರು: ಅಕ್ಕೋರ ನಮಸ್ಕಾರ. ನಾವು ಕಮಲಾಪುರ ಕಡಿ ತಾಂಡಾದವ್ರು, ನಾ ಶಹರದಾಗ ಆಟೋ ಹೊಡೀತೀನಿ. ಮಗ ಇಂಗ್ಲಿಷ್ ಮೀಡಿಯಂನಾಗ ಯುಕೆಜಿ ಮುಗಿಸ್ಯಾನ. ಎರಡು ವರ್ಷದಾಗ ಸಾಲ್ಯಾಗ ಒಂದ್ ಮಾತು ಆಡಿಲ್ಲಂತ. ಮನ್ಯಾಗ ಬಾಯಿ ಮುಚ್ಚಂಗಿಲ್ಲ. ಮೊನ್ನೆ ಮಿಸ್ ಕರ್ಸಿ ‘ನಿಮ್ಮ ಹುಡುಗ ಸ್ಲೋ ಅದಾನ, ಮತ್ತ ಎಲ್‌ಕೆಜಿಗೆ ಕೂಡಸ್ರಿ, ಇಲ್ಲಾಂದ್ರ ಬ್ಯಾರೆ ಸಾಲಿ ನೋಡ್ಕೋರಿ’ ಅಂದ್ರು. ಹೆಂಡ್ತಿ ಅವತ್ತಿಂದ ಊಟ ಬಿಟ್ಟಾಳ.

ಬ್ರಹ್ಮಪುರ ಅಕ್ಕ: ಬಜಿ ತೇಯ್ದು ಜೇನಿನಾಗ ಕಲಸಿ ದಿನಾ ನಾಲಿಗಿಗೆ ಹಚ್ರಿ ಅಣ್ಣ, 21 ದಿನದಾಗ ಮಾತು ಬರ್ತದ. ಖಾತ್ರಿ ಅದ.

ರಿಂಗ್ ರೋಡ್ ಅಣ್ಣ: ಮಿಡ್‌ಬ್ರೇನ್ ಕೋರ್ಸಿಗೆ ಹಾಕ್ರಿ, ಕಣ್ಣಿಗೆ ಪಟ್ಟಿ ಕಟ್ಟಿದ್ರೂ ಓದ್ತಾವ ಹುಡುಗ್ರು, ವಿಡಿಯೋ ಕಳಸ್ತೀನಿ.

ಅಕ್ಕೋರು: ಇಬ್ರೂ ಜರಾ ಸುಮ್ನಿರ್ರಿ. ಹುಡುಗಗ ಮಾತು ಬರ್ತದ, ಅವರೇ ಬರ್ದಾರ. ಬಂದ ಮಾತಿಗೆ ಬಜಿ ಎದಕ್ಕ? ಪಟ್ಟಿ ಕಟ್ಟಿದ ಹುಡುಗ್ರು ಮೂಗಿನ ಸಂದ್ಯಾಗಿಂದ ಓದ್ತಾವ, ಅದಕ್ಕ ಸಾವಿರಗಟ್ಲೆ ರೊಕ್ಕ ಕೊಡಬ್ಯಾಡ್ರಿ. ಕಮಲಾಪುರದವ್ರೇ, ಮೂರು ಮಾತು ಹೇಳ್ರಿ. ಮನ್ಯಾಗ ಯಾವ ಭಾಷಾ? ಹಿಂದಿಂದ ಸಣ್ಣಗ ಕರದ್ರ ತಿರುಗ್ತಾನೇನು? ಓಣ್ಯಾಗ ಹುಡುಗರ ಕೂಡ ಆಡ್ತಾನೇನು?

ಕಮಲಾಪುರ ತಾಂಡಾದವ್ರು: ಮನ್ಯಾಗ ಪೂರಾ ಲಂಬಾಣಿ ಅಕ್ಕೋರ. ತಿರುಗ್ತಾನ. ಓಣ್ಯಾಗ ಕ್ರಿಕೆಟ್ ಆಡ್ತಾನ, ಔಟ್ ಆದ್ರೂ ಇಲ್ಲ ಅಂತ ಜಗಳ ಮಾಡ್ತಾನ.

ಅಕ್ಕೋರು: ಜಗಳ ಮಾಡ್ತಾನಲ್ಲ, ನನಗ ಅರ್ಧ ಚಿಂತಿ ಹೋಯ್ತು. ಆದ್ರೂ ಒಮ್ಮೆ ಜಿಮ್ಸ್ ಆಸ್ಪತ್ರಿಗೆ ಹೋಗಿ ಕಿವಿ ತೋರಸ್ರಿ, ಒಂದ್ ಕಿವಿ ಕಮ್ಮಿ ಕೇಳಿದ್ರ ಮನ್ಯಾಗ ಗೊತ್ತಾಗಲ್ಲ, 50 ಹುಡುಗರ ಗದ್ದಲದಾಗ ಅವ ಸುಮ್ನ ಕುಂಡ್ರತಾನ. ಕಿವಿ ಸರಿ ಇದ್ರ ಮುಂದಿಂದು ಓದ್ರಿ. ನಾ ನೌಕ್ರಿ ಸೇರಿದ ಹೊಸತಾಗಿ ತಾಂಡಾದ ಪಕ್ಕದ ಸಾಲ್ಯಾಗಿದ್ದೆ. ಒಬ್ಬ ಪೋರ ನಾಕು ತಿಂಗಳು ಬಾಯಿ ಬಿಡ್ಲಿಲ್ಲ, ನಾನೂ ದಡ್ಡ ಅಂತೇ ತಿಳ್ಕೊಂಡಿದ್ದೆ, ಸುಳ್ಳ್ಯಾಕ ಹೇಳ್ಲಿ. ಒಂದಿನ ಬೋರ್ಡಿನ ಮ್ಯಾಲ ರೊಟ್ಟಿ ಚಿತ್ರ ತಗದು ಇದೇನು ಅಂದೆ. ಯಾರೂ ಹೇಳ್ಲಿಲ್ಲ. ಇವ ಹಿಂದಿನ ಸಾಲಿನಾಗಿಂದ ‘ಬಾಟಿ’ ಅಂದ. ಬಾಕಿ ಹುಡುಗ್ರು ನಕ್ರು. ನಾ ಬೋರ್ಡಿನ ಮ್ಯಾಲ ರೊಟ್ಟಿ ಅಂತ ಬರದು ಪಕ್ಕಕ್ಕೇ ಬಾಟಿ ಅಂತ ಬರದೆ. ಮರುದಿನ ಅವನೇ ಬಂದು ‘ಯಾಡಿ’ ಬರೀರಿ ಅಂದ, ಯಾಡಿ ಅಂದ್ರ ಅವ್ವ. ಆ ವರ್ಷ ಕನ್ನಡ ಅವ ಕಲ್ತ, ಲಂಬಾಣಿ ನಾ ಕಲ್ತೆ. ನಿಮ್ಮ ಹುಡುಗ ಏನ್ ಮಾಡ್ಲತ್ತಾನ ನೋಡ್ರಿ: ಮನ್ಯಾಗ ಲಂಬಾಣಿ, ಓಣ್ಯಾಗ ಕನ್ನಡ ಹಿಂದಿ ಕಲಸಿದ್ದು, ಸಾಲ್ಯಾಗ ಇಂಗ್ಲಿಷು. ಸಾಲ್ಯಾಗ ಅವನ ಭಾಷಾದಾಗ ಅವನ ಕೂಡ ಯಾರೂ ಒಂದ್ ಮಾತೂ ಆಡಿಲ್ಲ, ಅವ ಯಾರ ಕೂಡ ಮಾತಾಡ್ಬೇಕು? ಎಲ್‌ಕೆಜಿಗೆ ಇಳಿಸಿದ್ರ ಅದೇ ಗೋಡಿ ನೋಡ್ಕೋತ ಮತ್ತೊಂದ್ ವರ್ಷ ಕುಂಡ್ರತಾನ, ಮ್ಯಾಲಿಂದ ತಾ ಸಣ್ಣವರ ಕೂಡ ಕುಂತೀನಿ ಅನ್ನೋ ನಾಚಿಕಿ. ವಯಸ್ಸು ತುಂಬಿದ್ರ ಒಂದನೇ ಕ್ಲಾಸಿಗೇ ಹಚ್ರಿ, ಆದ್ರ ಸಾಲಿ ಬದಲಿ ಮಾಡ್ರಿ. ನಿಮ್ಮ ಮನಿ ಹತ್ರ ಯಾವ ಸಾಲ್ಯಾಗ ತಾಂಡಾದ ಹುಡುಗ್ರು ನಾಕೈದು ಮಂದಿ ಅದಾರ, ಆಟ ಆಡ್ಕೋತ ಕಲಿಸೋ ನಲಿ-ಕಲಿ ಖರೇನೇ ಕಾರ್ಡು ಹಿಡದು ಗುಂಪಿನಾಗ ಮಾಡ್ತಾರೋ ಇಲ್ಲಾ ಹೆಸರಿಗಷ್ಟೇನೋ, ಅದನ್ನ ನೋಡ್ರಿ. ಸೋಮವಾರ ಬ್ಯಾಡ, ಬುಧವಾರ ಗುರುವಾರ 11 ಗಂಟೆ ಸುಮಾರಿಗೆ ಹೇಳದೇ ಹೋಗ್ರಿ, ಹುಡುಗನ್ನೂ ಕರ್ಕೊಂಡು. ನೋಟ್‌ಬುಕ್ ಒಂದೆರಡು ತಗದು ನೋಡ್ರಿ, ಎಲ್ಲಾ ಹುಡುಗರ ನೋಟಿನಾಗ ಒಂದೇ ಥರ ತಿದ್ದದೇ ಇದ್ದ ಬರವಣಿಗಿ ಇದ್ರ ಬೋರ್ಡ್ ನೋಡಿ ಬರ್ಸ್ಯಾರ ಅಂತ ಅರ್ಥ. ಸಂಡಾಸಿನಾಗ ನೀರದೇನು ನೋಡ್ರಿ. ಹೆಂಡ್ತಿಗೆ ಊಟ ಮಾಡ್ ಅನ್ರಿ ಮೊದಲ.

ಜೇವರ್ಗಿ ತಾಲೂಕಿನವ್ರು: ನಮ್ಮೂರಾಗ ಸಾಲಿ ಅದ ಆದ್ರ ಇಂಗ್ಲಿಷ್ ಇಲ್ಲ, ಕಲಬುರಗ್ಯಾಗ ಖೋಲಿ ಹಿಡದು ಅವ್ವನ್ನ ಇಟ್ಟು ಮೊಮ್ಮಗನ್ನ ಹಚ್ಬೇಕಂತ ಮಾಡೀವಿ, ಸರೀನ್ರಿ?

ಅಕ್ಕೋರು: ನೌಕ್ರಿಗಿ 25% ಗ್ರಾಮೀಣ ಮೀಸಲಾತಿ, ಸಿಇಟಿಯಾಗ 15%, ಎರಡಕ್ಕೂ 1ರಿಂದ 10ರ ತನಕ ಪೂರಾ ಹಳ್ಳಿ ಸಾಲ್ಯಾಗ ಓದಿರಬೇಕು. ಒಂದೇ ವರ್ಷ ಶಹರದಾಗ ಓದಿದ್ರೂ ಹೋಯ್ತು. ಕನ್ನಡ ಮೀಡಿಯಂದು 5%ಕ್ಕ 1ರಿಂದ 10ರ ತನಕ ಪೂರಾ ಕನ್ನಡದಾಗ ಓದಿರಬೇಕು. ನವೋದಯಕ್ಕ 6ನೇ ಕ್ಲಾಸಿಗೆ 75% ಸೀಟು ಹಳ್ಳಿಯವರಿಗೆ, ಅಲ್ಲಿ 3, 4, 5 ಹಳ್ಯಾಗ ಓದಿರಬೇಕು. ಊರಾಗಿನ ಮಾಸ್ತರ್ ಕಲಿಸ್ತಾರಂದ್ರ ಊರಾಗೇ ಇರ್ಲಿ. ಕಲಿಸಲ್ಲಂದ್ರ ಮೀಸಲಾತಿ ಒಂದಕ್ಕೇ ಪೋರನ್ನ ಕೂಡಸಬ್ಯಾಡ್ರಿ, ಪಕ್ಕದ ಹಳ್ಳಿ ಸಾಲಿ ನೋಡ್ರಿ. ಮುದುಕಿನ್ನ ಒಬ್ಬಾಕಿನ್ನ ಖೋಲ್ಯಾಗ ಇಡೋದು ನನಗ ಪಸಂದ ಇಲ್ಲ, ಅದು ನಿಮ್ಮ ಮನಿ ಮಾತು.

ಸಂತ್ರಾಸವಾಡಿ ಪಾಲಕ: ಕನ್ನಡ ಕನ್ನಡ ಅಂತ ಸಾಲಿ ಮಾಸ್ತರ್ರು ಹೇಳ್ತಾರ, ಅವರ ಮಕ್ಕಳೆಲ್ಲಾ ಕಾನ್ವೆಂಟಿನಾಗ. ಅಕ್ಕೋರ ಮಕ್ಕಳು ಎಲ್ಲಿ ಓದ್ಯಾರ ಕೇಳ್ಬಹುದೇನ್ರಿ?

ಸೇಡಂ ರೋಡ್ ತಾಯಿ: ಅವರು ಫ್ರೀ ಹೇಳ್ಲತ್ತಾರ, ಅವರ ಮನಿ ವಿಚಾರ ನಿಮಗ್ಯಾಕ್ರಿ?

ಸಂತ್ರಾಸವಾಡಿ ಪಾಲಕ: ನಿಮಗ ಕೇಳಿಲ್ಲ ಮೇಡಂ. ಬೆಂಗಳೂರಿನಾಗ ಇಂಟರ್‌ವ್ಯೂಕ್ಕ ಹೋಗಿ ಕುಂತಾಗ ಗೊತ್ತಾಗ್ತದ ಕನ್ನಡ ಮೀಡಿಯಂ ಅಂದ್ರೇನಂತ. ನಾ ಅನುಭವಿಸೀನಿ.

ಆಳಂದ ರೋಡ್ ತಮ್ಮ: ನಾನೂ ಕನ್ನಡ ಮೀಡಿಯಂ, ಇಂಜಿನಿಯರ್ ಆಗೀನಿ. ನಿಮಗ ಬರ್ಲಿಲ್ಲಂದ್ರ ಮೀಡಿಯಂ ತಪ್ಪೇನು?

ಸಂತ್ರಾಸವಾಡಿ ಪಾಲಕ: ಮರ್ಯಾದಿ ಕೊಟ್ಟು ಮಾತಾಡ್ರಿ.

ಅಕ್ಕೋರು: ಕೇಳಿದ್ದು ಸರೀನೇ ಅದ. ಮಗಳು 7ರ ತನಕ ನನ್ನ ಸಾಲ್ಯಾಗೇ ಓದಿದಳು. ಮಗನ್ನ ಮಂದಿ ಮಾತು ಕೇಳಿ ಕಾನ್ವೆಂಟಿಗೆ ಹಾಕ್ದೆ. ಇಬ್ರೂ ನೌಕ್ರಿ ಮಾಡ್ತಾರ. ಮಗ ಇವತ್ತಿಗೂ ಕನ್ನಡ ಪೇಪರ್ ಓದಲ್ಲ, ನನ್ನ ಪತ್ರ ಅವನ ಹೆಂಡ್ತಿ ಓದಿ ಹೇಳ್ತಾಳ. ಸಾಕಾ?

ಬ್ರಹ್ಮಪುರ ಅಕ್ಕ: ಸರ್ಕಾರಿ ಸಾಲ್ಯಾಗ ತತ್ತಿ ಕೊಡ್ತಾರಲ್ರಿ, ನಾವು ತಿನ್ನಂಗಿಲ್ಲ.

ಅಕ್ಕೋರು: ತಿನ್ನದವರಿಗೆ ಬಾಳೆಹಣ್ಣು. ತತ್ತಿ ಮೊದಲ ಶುರು ಆಗಿದ್ದೇ ನಮ್ಮ ಕಡಿ ಜಿಲ್ಲಾದಾಗ, 2021 ಡಿಸೆಂಬರ್‌ದಾಗ, ಯಾಕಂದ್ರ ನಮ್ಮ ಹುಡುಗ್ರೇ ಬಡಕಲಾಗಿದ್ರು.

ಕಪನೂರ ಪಾಲಕ: ಅಕ್ಕೋರ 5 ವರ್ಷ 9 ತಿಂಗಳಿಗೆ ಒಂದನೇ ಕ್ಲಾಸ್ ಆಗ್ತದೇನ್ರಿ?

ಅಕ್ಕೋರು: ಮ್ಯಾಲ ಬರ್ದೀನಿ.

ಹೈಕೋರ್ಟ್ ಕಡಿ ತಾಯಿ: ಒಂದ್ ಸಾಲ್ಯಾಗ ಸಿಬಿಎಸ್‌ಇ ಅಂತ ಬೋರ್ಡ್ ಅದ, ಮಗಳಿಗೆ ಟೆಸ್ಟ್ ಇಟ್ರು, ಪಾಸ್ ಆದ್ರ ಡೊನೇಷನ್ ಅಂದ್ರು. ರಸೀದಿ ಕೇಳಿದ್ರ ಬಿಳಿ ಚೀಟಿ ಕೊಟ್ರು.

ಅಕ್ಕೋರು: ರೊಕ್ಕ ಕಟ್ಟಬ್ಯಾಡ್ರಿ. ಅಡ್ಮಿಷನ್ನಿಗೆ ಮಗುವಿಗೆ ಟೆಸ್ಟ್ ಇಡೋದೇ ಆರ್‌ಟಿಇ ಕಾನೂನಿನಾಗ ತಪ್ಪು, ಮೊದಲ ಸಲ 25,000 ತನಕ ದಂಡ, ಮುಂದ ಪ್ರತಿ ಸಲ 50,000. ಡೊನೇಷನ್ನಿಗೆ ತಗೊಂಡಿದ್ದರ ಹತ್ತು ಪಟ್ಟು ತನಕ. ಅಫಿಲಿಯೇಷನ್ ನಂಬರ್ ಕೇಳ್ರಿ, ಸಿಬಿಎಸ್‌ಇ ವೆಬ್‌ಸೈಟಿನಾಗ ಹಾಕಿ ನೋಡ್ರಿ. ಪ್ರತಿ ಸಾಲಿಗೂ ಸರ್ಕಾರ ಕೊಡೋ ಯು-ಡೈಸ್ ನಂಬರ್ 11 ಅಂಕಿದು, ನಮ್ಮ ರಾಜ್ಯದ್ದು 29ರಿಂದ ಶುರು ಆಗ್ತದ. ಅದನ್ನ ಹಿಡದು ಬಿಇಒ ಆಫೀಸಿನಾಗ ಯಾವ ಕ್ಲಾಸಿನ ತನಕ, ಯಾವ ಮೀಡಿಯಂಗೆ ಮಾನ್ಯತಾ ಅದ ಕೇಳ್ರಿ. ಕನ್ನಡ ಮೀಡಿಯಂ ಪರ್ಮಿಷನ್ ತಗೊಂಡು ಇಂಗ್ಲಿಷ್ ನಡಸೋರನ್ನ ಭಾಳ ನೋಡೀನಿ.

ರಿಂಗ್ ರೋಡ್ ಅಣ್ಣ: ಕಲಬುರಗಿಯ ಟಾಪ್ 10 ಸಾಲಿಗಳ ಲಿಸ್ಟ್, ಫಾರ್ವರ್ಡೆಡ್.

ಅಕ್ಕೋರು: ಯಾರು ಮಾಡಿದ ಲಿಸ್ಟು? ಎದರ ಮ್ಯಾಲ? ಅಡ್ಮಿನ್, ಇವರ ಫೋನ್ ಕಸಗೋರಿ.

ವಾಡಿ ಪಾಲಕ: 371ಜೆ (ಕಲ್ಯಾಣ ಕರ್ನಾಟಕದ ಮೀಸಲಾತಿ) ಸರ್ಟಿಫಿಕೇಟಿಗೆ ಸೋಲಾಪುರದಾಗ ಓದಿದ್ರ ನಡೀತದೇನ್ರಿ? ಯಾರರೆ ಹೇಳ್ರಿ.

ಕಪನೂರ ಪಾಲಕ: ಅಕ್ಕೋರ ಮ್ಯಾಲ ಎಲ್ಲಿ ಬರ್ದೀರಿ ಸಿಗವಲ್ದು.

ಆಳಂದ ರೋಡ್ ತಮ್ಮ: ಬೆರಳು ಇಲ್ಲೇನ್ರಿ ಸ್ಕ್ರೋಲ್ ಮಾಡಾಕ?

ಅಡ್ಮಿನ್: ಇವತ್ತಿಗಿ ಸಾಕು, ಗುಂಪು ಬಂದ್ ಮಾಡ್ಲತ್ತೀನಿ. ಕಮಲಾಪುರದವರಿಗೆ ಮಾತ್ರ ಬರಿಯಾಕ ಬಿಟ್ಟೀನಿ.

ಕಮಲಾಪುರ ತಾಂಡಾದವ್ರು: ಅಕ್ಕೋರ, ಕಿವಿ ತೋರ್ಸಿದ್ವಿ, ಎರಡೂ ಸರಿ ಅವ ಅಂದ್ರು. ಇವತ್ತ ಗುರುವಾರ ಮನಿ ಹತ್ರದ ಸರ್ಕಾರಿ ಸಾಲಿಗಿ ಹೋಗಿದ್ದೆ. 1ರಿಂದ 3 ಒಂದೇ ಖೋಲ್ಯಾಗ, 38 ಹುಡುಗ್ರು, ಗುಂಪು ಗುಂಪಾಗಿ ಕುಂತಿದ್ರು. ನಮ್ಮ ಕಡಿ ಹುಡುಗ್ರು ಆರು ಮಂದಿ ಅದಾರ. ಒಬ್ಬ ಹುಡುಗ ಇವಂಗ ನಮ್ಮ ಭಾಷಾದಾಗ ಏನೋ ಅಂದ, ಇವನೂ ಅಂದ, ಇಬ್ರೂ ನಕ್ರು. ನಾ ಹೊರಗ ನಿಂತಿದ್ದೆ. ಸಂಡಾಸಿನಾಗ ನಳ ಅದ ನೀರಿಲ್ಲ. ಅಕ್ಕೋರು ಇಬ್ರು, ಒಬ್ಬರು ಅತಿಥಿ ಅಂತ.

ಅಕ್ಕೋರು: ನೀರಿಂದು ಸಾಲಿ ಸಮಿತಿ ಎಸ್‌ಡಿಎಂಸಿಯವ್ರಿಗೆ ಹೇಳ್ರಿ, ಮಗನ್ನ ಹಚ್ಚಿದ ಮ್ಯಾಲ ನೀವೇ ಅದರಾಗ ಸೇರ್ರಿ. ಆದ್ರ ಆ ನಲಿ-ಕಲಿ ಖೋಲಿ ಯಾರ ಕೈಯಾಗದ, ಖಾಯಂ ಅಕ್ಕೋರದ್ದೋ ಅತಿಥಿದೋ? ಅತಿಥಿ ಆದ್ರ ಬರೋ ವರ್ಷ ಇರ್ತಾರೇನು? ನಾಳಿ ಆಟೋ ಆ ಕಡಿ ಹೋದ್ರ ಕೇಳ್ಕೊಂಡ್ ಬಂದು ನನಗ ಬರೀರಿ.